ಘಾಟಿ ರಸ್ತೆಗೆ ಹೈಬ್ರಿಡ್ಡೋ ಡೀಸೆಲ್ಲೋ?

ನಮಸ್ಕಾರ ಕೇಳುಗರೇ. ಕಾರು ಅಂದ ತಕ್ಷಣ ನಾವು ಕೇಳುವ ಮೊದಲ ಪ್ರಶ್ನೆ ಮೈಲೇಜ್ ಎಷ್ಟು ಅಂತ. ಇವತ್ತು ಅದನ್ನು ಪಕ್ಕಕ್ಕಿಡೋಣ. ಓಡಿಸುವವರಿಗೆ ಯಾವ ಕಾರು ಜಾಸ್ತಿ ಮಜಾ ಕೊಡುತ್ತದೆ, ಅಷ್ಟೇ ಇವತ್ತಿನ ಮಾತು. ಒಂದು ಕಡೆ ಹೋಂಡಾ ಸಿಟಿ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಎಲೆಕ್ಟ್ರಿಕ್ ಮೋಟಾರೂ ಇರುವ ಕಾರು. ಇನ್ನೊಂದು ಕಡೆ ಡೀಸೆಲ್ ಸೆಡಾನ್‌ಗಳು: ಫೋಕ್ಸ್‌ವ್ಯಾಗನ್ ವೆಂಟೊ, ಸ್ಕೋಡಾ ರಾಪಿಡ್, ಹ್ಯುಂಡೈ ವರ್ನಾ. ಜೇಬು ಸ್ವಲ್ಪ ದೊಡ್ಡದಿದ್ದವರಿಗೆ ಸ್ಕೋಡಾದ್ದೇ ಆಕ್ಟೇವಿಯಾ.

ಈ ಡೀಸೆಲ್ ಗಾಡಿಗಳೆಲ್ಲ ಈಗ ಸೆಕೆಂಡ್ ಹ್ಯಾಂಡ್‌ನಲ್ಲೇ ಸಿಗಬೇಕು. 2020ರ ಏಪ್ರಿಲ್‌ನಲ್ಲಿ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಬಂದಾಗ ವೆಂಟೊ, ರಾಪಿಡ್ ಡೀಸೆಲ್ ನಿಂತವು. 2023ರಲ್ಲಿ ರಸ್ತೆಯ ಮೇಲೆ ಓಡುವಾಗಿನ ಹೊಗೆಯನ್ನೇ ಅಳೆಯುವ ನಿಯಮ ಬಂತು, ಆಗ ವರ್ನಾ ಡೀಸೆಲ್ಲೂ ಹೋಯಿತು, ಹೋಂಡಾ ಸಿಟಿಯ ಡೀಸೆಲ್ಲೂ ಹೋಯಿತು. ಆ ಖಾಲಿ ಜಾಗಕ್ಕೆ ಮೊದಲೇ ಟವೆಲ್ ಹಾಕಿ ಕೂತಿದ್ದು ಸಿಟಿ ಹೈಬ್ರಿಡ್. ಅದು ಬಂದಿದ್ದು 2022ರ ಮೇ ತಿಂಗಳಲ್ಲಿ.

ಈಗ ಒಂದು ತಮಾಷೆ ಕೇಳಿ. ಗಾಡಿಯನ್ನು ಮುಂದಕ್ಕೆ ಎಳೆಯುವ ಬಲಕ್ಕೆ ಟಾರ್ಕ್ ಅನ್ನುತ್ತೇವಲ್ಲ, ಅದು ರಾಪಿಡ್‌ನ 1.5 ಲೀಟರ್ ಡೀಸೆಲ್ ಎಂಜಿನ್‌ನಲ್ಲಿ 250 ನ್ಯೂಟನ್ ಮೀಟರ್. ಸಿಟಿ ಹೈಬ್ರಿಡ್‌ನ ಮೋಟಾರಿನಲ್ಲಿ 253. ಕಾಗದದ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ಎರಡನ್ನೂ ಒಂದೇ ದಿನ ಓಡಿಸಿ ನೋಡಿ, ಇವಕ್ಕೆ ಸಂಬಂಧವೇ ಇಲ್ಲ ಅನ್ನಿಸುತ್ತದೆ. ಬಲ ಎಷ್ಟಿದೆ ಅನ್ನುವುದಕ್ಕಿಂತ ಅದು ಯಾವಾಗ ಬರುತ್ತದೆ, ಹೇಗೆ ಬರುತ್ತದೆ ಅನ್ನುವುದರಲ್ಲೇ ಎಲ್ಲ ಇದೆ.

ಎಲೆಕ್ಟ್ರಿಕ್ ಮೋಟಾರು ಕಾಲಿಟ್ಟ ಕ್ಷಣವೇ ಪೂರ್ತಿ ಬಲ ಕೊಡುತ್ತದೆ. ಸಿಟಿ ಹೈಬ್ರಿಡ್‌ನಲ್ಲಿ ಹೆಚ್ಚಿನ ಹೊತ್ತು ಚಕ್ರ ತಿರುಗಿಸುವುದು ಆ ಮೋಟಾರೇ. ಪೆಟ್ರೋಲ್ ಎಂಜಿನ್ ಜನರೇಟರ್ ಓಡಿಸಿ ಕರೆಂಟ್ ಮಾಡಿಕೊಡುತ್ತದೆ. ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಮಾತ್ರ ಒಳಗೊಂದು ಕ್ಲಚ್ಚು ಕೂಡಿಕೊಂಡು ಎಂಜಿನ್ ನೇರವಾಗಿ ಚಕ್ರಕ್ಕೆ ಸೇರುತ್ತದೆ. ಹಾಗಾಗಿ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಇದರ ಹತ್ತಿರ ಯಾವ ಡೀಸೆಲ್ಲೂ ಬರುವುದಿಲ್ಲ. ಸದ್ದಿಲ್ಲ, ನಡುಕ ಇಲ್ಲ, ಎಡಗಾಲಿಗೆ ಕೆಲಸವೇ ಇಲ್ಲ. ವೆಂಟೊ ಡೀಸೆಲ್‌ನ ಕ್ಲಚ್ಚು ತುಳಿದು ತುಳಿದು ಮಂಡಿ ಹಿಡಿದುಕೊಂಡವರಿಗೆ ಇದು ಸ್ವರ್ಗ. ಊರೊಳಗಿನ ಓಡಾಟವೇ ನಿಮ್ಮ ಮುಕ್ಕಾಲು ಜೀವನ ಅನ್ನುವುದಾದರೆ ಇಲ್ಲಿಗೇ ರೇಡಿಯೋ ಆಫ್ ಮಾಡಿ ಹೈಬ್ರಿಡ್ ಬುಕ್ ಮಾಡಬಹುದು, ನನಗೇನೂ ಬೇಜಾರಿಲ್ಲ.

ಆದರೆ ಮಜಾ ಅಂತ ನಾವು ಹುಡುಕಿಕೊಂಡು ಹೋಗುವುದು ಸಿಲ್ಕ್ ಬೋರ್ಡಿಗಲ್ಲ, ಅಲ್ವಾ? ಚಾರ್ಮಾಡಿಗೆ, ಆಗುಂಬೆಗೆ, ಶಿರಾಡಿಗೆ.

ಆಗುಂಬೆಯ 14 ತಿರುವುಗಳನ್ನು ಡೀಸೆಲ್ ಗಾಡಿಯಲ್ಲಿ ಹತ್ತುವುದು ಬೇರೆಯೇ ಆಟ. ಟರ್ಬೊ, ಅಂದರೆ ಎಂಜಿನ್ನಿಗೆ ಜಾಸ್ತಿ ಗಾಳಿ ತುಂಬುವ ಫ್ಯಾನು, ಇರುವ ಸಣ್ಣ ಡೀಸೆಲ್ ಎಂಜಿನ್ ನಿಮಿಷಕ್ಕೆ ಕಡಿಮೆ ಸುತ್ತು ತಿರುಗುವಾಗ ಸತ್ತಂತೆ ಇರುತ್ತದೆ. ಟರ್ಬೊ ತಿರುಗುವುದಕ್ಕೆ ಹೊಗೆಯ ಒತ್ತಡ ಬೇಕು, ಅದು ಕೂಡಿಬರುವವರೆಗೆ ನೀವು ಎಷ್ಟು ಒತ್ತಿದರೂ ಗಾಡಿಗೆ ಕೇಳಿಸುವುದಿಲ್ಲ. ಆಮೇಲೆ 1,800, 2,000 ಸುತ್ತಿನ ಹತ್ತಿರ ಬಂದಾಗ ಯಾರೋ ಹಿಂದಿನಿಂದ ದಬ್ಬಿದ ಹಾಗೆ ನುಗ್ಗುತ್ತದೆ. ಈ ಗುಣ ಗೊತ್ತಿರುವವರು ತಿರುವಿಗೆ ಮೊದಲೇ ಸೆಕೆಂಡ್ ಗೇರ್‌ಗೆ ಬರುತ್ತಾರೆ, ಸುತ್ತು ಬೀಳದ ಹಾಗೆ ಕಾಲು ಹಿಡಿದುಕೊಳ್ಳುತ್ತಾರೆ, ಮುಂದಿನಿಂದ ಬಸ್ಸು ಬರುತ್ತಿದೆಯಾ ಅಂತ ಕಣ್ಣು ಮೇಲಿನ ರಸ್ತೆಯಲ್ಲಿಟ್ಟು, ಸ್ಟೇರಿಂಗ್ ನೆಟ್ಟಗಾಗುವ ಹೊತ್ತಿಗೆ ಸರಿಯಾಗಿ ಒತ್ತುತ್ತಾರೆ. ಲೆಕ್ಕ ಕೂಡಿಬಂದರೆ ಆ ನುಗ್ಗುವಿಕೆ ನಿಮ್ಮದೇ ಸಂಪಾದನೆ. ತಪ್ಪಿದರೆ ಮೂರನೇ ಗೇರಿನಲ್ಲಿ ಗೊರಗೊರ ಅನ್ನುತ್ತ ನಿಂತೇಬಿಡುತ್ತದೆ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ.

ಹೈಬ್ರಿಡ್‌ನಲ್ಲಿ ಇದ್ಯಾವುದೂ ಇಲ್ಲ. ಒತ್ತಿದರೆ ಹೋಗುತ್ತದೆ, ಎಲ್ಲಿ ಒತ್ತಿದರೂ ಹೋಗುತ್ತದೆ. ತಿರುವಿನಿಂದ ಹೊರಬರುವ ವೇಗದಲ್ಲಿ ಅದು ಡೀಸೆಲ್‌ಗಿಂತ ಕಡಿಮೆಯೇನಲ್ಲ. ಆದರೆ ಏರು ಉದ್ದವಾದಷ್ಟೂ ಅದರ ನಿಜಬಣ್ಣ ಗೊತ್ತಾಗುತ್ತದೆ. ಅದರ ಬ್ಯಾಟರಿ ಹಿಡಿಸುವುದು ಒಂದು ಯೂನಿಟ್ ಆಸುಪಾಸಿನ ಕರೆಂಟು. ಎಡೆಬಿಡದೆ ಹತ್ತುತ್ತಾ ಹೋದರೆ ಅದು ಇಳಿಯುತ್ತದೆ, ಆಗ ಎಂಜಿನ್ ಜೋರಾಗಿ ಓಡಿ ಕರೆಂಟ್ ಮಾಡಬೇಕು. ಅದರ ಸದ್ದಿಗೂ ನಿಮ್ಮ ವೇಗಕ್ಕೂ ತಾಳೆಯೇ ಆಗುವುದಿಲ್ಲ. ಪಕ್ಕದ ಮನೆಯಲ್ಲಿ ಯಾರೋ ಮಿಕ್ಸಿ ಹಾಕಿದ ಹಾಗೆ ಅದರ ಪಾಡಿಗೆ ಅದು ಕಿರುಚುತ್ತಿರುತ್ತದೆ. ನನಗೆ ಮಜಾ ಹೋಗುವುದು ಇಲ್ಲೇ. ಕಿವಿ ಹೇಳುವುದು ಒಂದು, ಬೆನ್ನಿಗೆ ಗೊತ್ತಾಗುವುದು ಇನ್ನೊಂದು.

ಇಳಿಯುವಾಗಲೂ ಹೀಗೇ. ಸಕಲೇಶಪುರದಿಂದ ಗುಂಡ್ಯದ ಕಡೆ ಇಳಿಯುವಾಗ ಹೈಬ್ರಿಡ್‌ನ ಸ್ಟೇರಿಂಗ್ ಹಿಂದಿರುವ ಪ್ಯಾಡಲ್‌ಗಳು ಮೊದಮೊದಲು ಖುಷಿ ಕೊಡುತ್ತವೆ. ಎಡಗಡೆಯದನ್ನು ಎಳೆದಷ್ಟೂ ಮೋಟಾರು ಗಾಡಿಯನ್ನು ಹಿಡಿದು ಕರೆಂಟ್ ತುಂಬಿಕೊಳ್ಳುತ್ತದೆ. ಆದರೆ ಬ್ಯಾಟರಿ ಚಿಕ್ಕದು, ಬೇಗ ತುಂಬಿಬಿಡುತ್ತದೆ. ಆಮೇಲೆ ಹೆಚ್ಚಾದ ಕರೆಂಟನ್ನು ಖರ್ಚು ಮಾಡಲು ಗಾಡಿ ಎಂಜಿನ್ನನ್ನು ಸುಮ್ನೆ ತಿರುಗಿಸುತ್ತದೆ. ಕಾಲು ಆಕ್ಸಿಲರೇಟರ್ ಮೇಲೆ ಇಲ್ಲ, ಇಳಿಜಾರಿನಲ್ಲಿದ್ದೀರಿ, ಬೊನೆಟ್ ಒಳಗಿಂದ ಸದ್ದು ಏರುತ್ತಿದೆ! ಕೆಟ್ಟಿಲ್ಲ, ಗಾಬರಿ ಬೇಡ. ಡೀಸೆಲ್‌ನಲ್ಲಿ ಇಂಥ ಆಶ್ಚರ್ಯ ಇಲ್ಲ. ಸೆಕೆಂಡ್ ಗೇರ್ ಹಾಕಿ ಕಾಲು ತೆಗೆದರೆ ಎಂಜಿನ್ನೇ ಹಿಡಿದುಕೊಂಡು ಇಳಿಸುತ್ತದೆ.

ಡೀಸೆಲ್ ಅಭಿಮಾನಿಗಳು ಒಪ್ಪದ ಮಾತೊಂದನ್ನೂ ಹೇಳಲೇಬೇಕು. ಆ ಎಂಜಿನ್ ಭಾರ. ಅಷ್ಟೂ ಭಾರ ಮುಂದಿನ ಚಕ್ರಗಳ ಮೇಲೆ ಕೂತಿರುತ್ತದೆ. ಬಿಗಿ ತಿರುವಿಗೆ ಜೋರಾಗಿ ನುಗ್ಗಿದರೆ ಮೂಗು ಒಳಗೆ ತಿರುಗದೆ ಹೊರಗೆ ಜಾರುತ್ತದೆ, ಮಳೆಗಾಲದಲ್ಲಂತೂ ಚೆನ್ನಾಗಿ ಗೊತ್ತಾಗುತ್ತದೆ. ಸಿಟಿ ಹೈಬ್ರಿಡ್ ಪೆಟ್ರೋಲ್ ಸಿಟಿಗಿಂತ ನೂರು ಕೆಜಿಗೂ ಜಾಸ್ತಿ ಭಾರ ಇದ್ದರೂ ಬ್ಯಾಟರಿ ಹಿಂದೆ ಇದೆ, ಹಾಗಾಗಿ ತಿರುವಿನಲ್ಲಿ ಅದು ಮೂಗುಭಾರ ಅನ್ನಿಸುವುದಿಲ್ಲ. ಇದಕ್ಕೆ ಬೆಲೆ ತೆತ್ತಿರುವುದು ಡಿಕ್ಕಿ: ಪೆಟ್ರೋಲ್ ಸಿಟಿಯಲ್ಲಿ 506 ಲೀಟರ್ ಇದ್ದದ್ದು ಇಲ್ಲಿ 306. ಮದುವೆಗೆ ಹೊರಟ ಸಂಸಾರಕ್ಕೆ ಸಾಲುವುದಿಲ್ಲ, ಬಿಡಿ.

ಹೈಬ್ರಿಡ್ ಅಂದರೆ ಹೀಗೇ ಇರಬೇಕು ಅಂತೇನೂ ಇರಲಿಲ್ಲ. 2010ರಲ್ಲಿ ಇದೇ ಹೋಂಡಾ ಸಿಆರ್-ಝಡ್ ಅನ್ನುವ ಪುಟ್ಟ ಕೂಪೆ ಮಾಡಿತ್ತು. ಹೈಬ್ರಿಡ್ಡೇ, ಆದರೆ ಆರು ಗೇರಿನ ಮ್ಯಾನ್ಯುಯಲ್. ಭಾರತದಲ್ಲಿ ಅದನ್ನು ಮಾರಲೇ ಇಲ್ಲ. 2025ರಲ್ಲಿ ಬಂದ ತಮ್ಮ ಹೊಸ ಪ್ರೆಲೂಡ್ ಹೈಬ್ರಿಡ್‌ಗೆ ಹೋಂಡಾದವರು ಗೇರ್ ಬದಲಾದ ಹಾಗೆ ನಟಿಸುವ ವ್ಯವಸ್ಥೆ ಹಾಕಿದ್ದಾರೆ. ಇಲ್ಲದ ಗೇರಿಗೆ ಎಂಜಿನ್ ಸದ್ದು ಏರಿಸಿ ಇಳಿಸುವ ಏರ್ಪಾಡು ಅದು. ಓಡಿಸುವವರ ಕೈಗೆ ಒಂದಿಷ್ಟು ಕೆಲಸ ಬೇಕು ಅಂತ ಅವರಿಗೂ ಗೊತ್ತಾಗಿದೆ ಅಂತಾಯಿತು.

ಆದ್ದರಿಂದ ಘಾಟಿಗೆ ನನ್ನ ಓಟು ಮ್ಯಾನ್ಯುಯಲ್ ಡೀಸೆಲ್‌ಗೇ, ಅದರಲ್ಲೂ ಆಕ್ಟೇವಿಯಾದ ಎರಡು ಲೀಟರ್ ಎಂಜಿನ್‌ಗೆ. ಕೊಳ್ಳಲು ಹೋಗುವವರು ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ, ನಿಮ್ಮೆದುರೇ ಸ್ಟಾರ್ಟ್ ಮಾಡಿಸಿ. ಹೊಗೆ ನೋಡಿ, ಟರ್ಬೊ ಸಿಳ್ಳೆ ಹಾಕುತ್ತದಾ ಕೇಳಿ, ಕ್ಲಚ್ಚು ತುಳಿಯಲು ಬಿಗಿಯಾಗಿದೆಯಾ ನೋಡಿ. ಕ್ಲಚ್ಚಿನ ಜೊತೆ ಅದು ಕೂತಿರುವ ಭಾರದ ಚಕ್ರ, ಫ್ಲೈವೀಲೂ ಹೋಗಿದ್ದರೆ ಬಿಲ್ಲು ದೊಡ್ಡದಾಗುತ್ತದೆ. ಹೈಬ್ರಿಡ್ ನೋಡುವವರು ಶೋರೂಮಿನ ಸುತ್ತ ಒಂದು ರೌಂಡ್ ಹಾಕಿ ಬರಬೇಡಿ. ನಾಲ್ಕು ಜನ ಕೂತು ನಂದಿ ಬೆಟ್ಟ ಹತ್ತಿಸಿ, ಬ್ಯಾಟರಿ ಇಳಿದ ಮೇಲಿನ ಸದ್ದನ್ನು ಕೇಳಿ. ಅದು ನಿಮಗೆ ತೊಂದರೆ ಅನ್ನಿಸದಿದ್ದರೆ ಧಾರಾಳವಾಗಿ ತಗೊಳ್ಳಿ. ನಮಸ್ಕಾರ.