ಹೊಸ ಫೋನ್ ಆಮೇಲೆ, ಮೊದಲು ಟ್ಯೂಬ್‌ಲೈಟ್ ಆರಿಸಿ

ನಮಸ್ಕಾರ. ಮನೆಯಲ್ಲಿ ಯಾರದಾದರೂ ಫೋಟೊ ತೆಗೀಬೇಕು ಅಂದ ಕೂಡಲೇ ನಮ್ಮ ಕೈ ಮೊದಲು ಹೋಗೋದು ಸ್ವಿಚ್‌ಬೋರ್ಡಿಗೆ. ಹಗಲು ಹನ್ನೊಂದು ಗಂಟೆ ಆಗಿದ್ರೂ ಸರಿ, "ಲೈಟ್ ಹಾಕಪ್ಪ, ಫೋಟೊ ಚೆನ್ನಾಗಿ ಬರಲಿ" ಅಂತೀವಿ. ಇವತ್ತು ನಾನು ಹೇಳೋಕೆ ಹೊರಟಿರೋದು ಇದರ ಉಲ್ಟಾ ಮಾತು. ಫೋಟೊ ಚೆನ್ನಾಗಿ ಬರಬೇಕಾದ್ರೆ ಆ ಟ್ಯೂಬ್‌ಲೈಟ್ ಆರಿಸಿ. ಕ್ಯಾಮೆರಾ ಸರಿಯಿಲ್ಲ, ಫೋನ್ ಬದಲಾಯಿಸಬೇಕು ಅಂತ ಹೊರಡೋ ಎಷ್ಟೋ ಜನರಿಗೆ ಬೇಕಾಗಿರೋದು ಇಷ್ಟೇ: ಕೂರೋ ಜಾಗ ನಾಲ್ಕು ಹೆಜ್ಜೆ ಆಚೆ ಹೋಗಬೇಕು.

ಬೆಳಕನ್ನ ಲಕ್ಸ್ ಅನ್ನೋ ಮಾನದಲ್ಲಿ ಅಳೀತಾರೆ. ರಾತ್ರಿ ಒಂದೇ ಟ್ಯೂಬ್‌ಲೈಟ್ ಉರಿಯೋ ಹಾಲ್‌ನಲ್ಲಿ ಮುಖದ ಮೇಲೆ ಬೀಳೋದು ಹೆಚ್ಚುಕಮ್ಮಿ 100ರಿಂದ 200 ಲಕ್ಸ್. ಹಗಲು ಹೊತ್ತು ಕಿಟಕಿ ಪಕ್ಕ ಕೂತ್ರೆ ಅದು 1000 ದಾಟುತ್ತೆ. ನೆತ್ತಿ ಬಿಸಿಲಲ್ಲಿ 1 ಲಕ್ಷದ ಹತ್ತಿರ ಹೋಗುತ್ತೆ. ನಮಗೆ ಈ ವ್ಯತ್ಯಾಸ ಗೊತ್ತೇ ಆಗಲ್ಲ, ಕಣ್ಣು ತಾನೇ ಹೊಂದಿಕೊಂಡುಬಿಡುತ್ತೆ. ಫೋನಿನ ಲೆನ್ಸಿಗೆ ಅಂಥ ಪಾಪೆ ಇಲ್ಲ, ಬಹುಪಾಲು ಫೋನುಗಳಲ್ಲಿ ಬೆಳಕು ಬರೋ ಕಿಂಡಿ ಒಂದೇ ಅಳತೆ. ಬೆಳಕು ಸಾಲದಾದಾಗ ಅದು ಶಟರನ್ನ ಹೆಚ್ಚು ಹೊತ್ತು ತೆರೆದಿಡುತ್ತೆ, ಆಗ ನಿಮ್ಮ ಕೈ ಅಲುಗಿದ್ರೂ ಮಗು ತಲೆ ತಿರುಗಿಸಿದ್ರೂ ಚಿತ್ರ ಕದಡುತ್ತೆ. ಅದೂ ಸಾಲದಿದ್ರೆ ಐಎಸ್‌ಒ, ಅಂದ್ರೆ ಸಿಕ್ಕ ಬೆಳಕನ್ನ ಹಿಗ್ಗಿಸಿ ತೋರಿಸೋ ಪ್ರಮಾಣ, ಏರಿಸುತ್ತೆ, ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಕಾಳುಕಾಳು ಬರುತ್ತೆ. ಆ ಕಾಳು ಅಳಿಸೋಕೆ ಫೋನೇ ಮುಖವನ್ನ ಉಜ್ಜಿ ನುಣ್ಣಗೆ ಮಾಡುತ್ತೆ. ಹುಬ್ಬಿನ ಕೂದಲೆಲ್ಲ ಅಂಟಿಕೊಂಡು ಕಾಡಿಗೆ ತೀಡಿದ ಹಾಗೆ, ಕೆನ್ನೆ ಮೇಣ ಬಳಿದ ಹಾಗೆ ಕಾಣೋದು ಅದಕ್ಕೇ.

ಬೆಳಕು ಎಷ್ಟಿದೆ ಅನ್ನೋದರ ಜೊತೆಗೆ ಎಲ್ಲಿಂದ ಬರ್ತಿದೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಟ್ಯೂಬ್‌ಲೈಟ್ ಗೋಡೆ ಮೇಲೆ ಏಳೆಂಟು ಅಡಿ ಎತ್ತರದಲ್ಲಿರುತ್ತೆ. ಅದರ ಕೆಳಗೆ ಕೂತವರ ಹುಬ್ಬಿನ ನೆರಳು ಕಣ್ಣಿನ ಗುಳಿಗೆ ಬೀಳುತ್ತೆ, ಮೂಗಿನ ನೆರಳು ತುಟಿ ಮೇಲೆ ಬೀಳುತ್ತೆ. ಆರೋಗ್ಯವಾಗಿರೋ ಮನುಷ್ಯನೂ ವಾರದಿಂದ ನಿದ್ದೆಗೆಟ್ಟವನ ಹಾಗೆ ಕಾಣ್ತಾನೆ.

ಹಗಲಲ್ಲಿ ಲೈಟ್ ಹಾಕಿದ್ರೆ ಇನ್ನೊಂದು ತೊಂದರೆ ಸೇರಿಕೊಳ್ಳುತ್ತೆ, ಬಣ್ಣದ್ದು. ಬೆಳಕಿನ ಬಣ್ಣವನ್ನ ಕೆಲ್ವಿನ್ ಅನ್ನೋ ಮಾನದಲ್ಲಿ ಹೇಳ್ತಾರೆ, ಅಂಕಿ ಏರಿದಷ್ಟೂ ಬೆಳಕು ಹಳದಿಯಿಂದ ನೀಲಿ ಕಡೆ ಹೋಗುತ್ತೆ. ಹಳದಿ ಬಲ್ಬಿನ ಬೆಳಕು 2700 ಕೆಲ್ವಿನ್, ಹಗಲಿನದು 5500ರ ಸುಮಾರು, ನಮ್ಮ ಬಿಳಿ ಟ್ಯೂಬ್ ಬಹುತೇಕ 6500. ಫೋನ್ ಇವುಗಳಲ್ಲಿ ಯಾವುದೋ ಒಂದನ್ನ ಬಿಳಿ ಅಂತ ಒಪ್ಪಿಕೊಳ್ಳಬೇಕು. ಕಿಟಕಿ ಕಡೆ ಕೆನ್ನೆ ಸರಿ ಬಂದ್ರೆ ಬಲ್ಬಿನ ಕಡೆ ಕೆನ್ನೆ ಅರಿಶಿನ ಮೆತ್ತಿದ ಹಾಗೆ ಬರುತ್ತೆ. ಆಮೇಲೆ ಎಡಿಟಿಂಗ್ ಆಪ್‌ನಲ್ಲಿ ಹಳದಿ ಕಮ್ಮಿ ಮಾಡಿದ್ರೆ ಇನ್ನೊಂದು ಕೆನ್ನೆ ನೀಲಿ ತಿರುಗುತ್ತೆ. ಒಂದೇ ಬಗೆಯ ಬೆಳಕು ಉಳಿಸಿಕೊಂಡ್ರೆ ಈ ಗೋಜೇ ಇರಲ್ಲ.

ಹಾಗಾದ್ರೆ ಎಲ್ಲಿ ಕೂರಿಸೋದು? ಅಜ್ಜಿ ಮಲ್ಲಿಗೆ ಕಟ್ಟುತ್ತಾ ಕೂತಿದ್ದಾರೆ ಅಂದ್ಕೊಳ್ಳಿ. ಕಿಟಕಿಯಿಂದ ಎರಡು ಮೂರು ಅಡಿ ದೂರದಲ್ಲಿ ಕೂರಿಸಿ, ಅದಕ್ಕಿಂತ ಒಳಗೆ ಬೇಡ. ಕಿಟಕಿಯಿಂದ ದೂರ ಹೋದ ಹಾಗೆ ಬೆಳಕು ಅಂದಾಜಿಗೆ ಸಿಗದಷ್ಟು ಬೇಗ ಇಳಿಯುತ್ತೆ. ಮುಖ ಕಿಟಕಿಗೆ ನೇರವಾಗಿ ಬೇಡ, ಅರ್ಧ ತಿರುಗಿರಲಿ. ನೀವು ಕಿಟಕಿ ಇರೋ ಗೋಡೆಗೆ ಒರಗಿದ ಹಾಗೆ ನಿಂತುಕೊಳ್ಳಿ. ಈಗ ಒಂದು ಕೆನ್ನೆ ಬೆಳಗಿರುತ್ತೆ, ಇನ್ನೊಂದರ ಮೇಲೆ ಮೆತ್ತಗೆ ನೆರಳಿರುತ್ತೆ, ಬಾಳೆನಾರಿನ ಎಳೆ, ಬೆರಳ ಸಂದಿಯ ಮೊಗ್ಗು, ಎಲ್ಲ ಎದ್ದು ಕಾಣುತ್ತೆ. ನೆರಳಿನ ಕಡೆ ತೀರಾ ಕಪ್ಪಾದ್ರೆ ಮಡಚಿದ ಬಿಳಿ ಪಂಚೆಯನ್ನೋ ಥರ್ಮೊಕೋಲ್ ಹಾಳೆಯನ್ನೋ ಆ ಬದಿಗೆ ಎರಡಡಿ ದೂರದಲ್ಲಿ ಹಿಡಿಸಿ, ಕಿಟಕಿ ಬೆಳಕು ಅದಕ್ಕೆ ಬಡಿದು ಮುಖಕ್ಕೆ ವಾಪಸ್ ಬರುತ್ತೆ. ಬಿಸಿಲು ನೇರವಾಗಿ ಒಳಗೆ ಬರ್ತಿದ್ರೆ ಅದೇ ಪಂಚೆಯನ್ನ ಕಿಟಕಿಗೆ ಕಟ್ಟಿ. ಒಂದೇ ಪದರದ ತೆಳು ಬಟ್ಟೆ ಸಾಕು.

ಹಳೇ ಮನೆಯವರು ಇನ್ನೂ ಅದೃಷ್ಟವಂತರು, ಅವರಿಗೆ ಜಗಲಿ ಇದೆ. ಮೇಲೆ ಸೂರು, ಎದುರಿಗೆ ಬಯಲು: ಮುಖದ ಚಿತ್ರಕ್ಕೆ ಇದಕ್ಕಿಂತ ಒಳ್ಳೇ ಬೆಳಕು ದುಡ್ಡು ಕೊಟ್ರೂ ಸುಲಭಕ್ಕೆ ಸಿಗಲ್ಲ. ಅಪಾರ್ಟ್‌ಮೆಂಟ್‌ನಲ್ಲಿ ಬಾಲ್ಕನಿ ಬಾಗಿಲು ಈ ಕೆಲಸ ಮಾಡುತ್ತೆ. ಹೊಸ್ತಿಲಿಂದ ಒಂದಡಿ ಒಳಗೆ ಕೂರಿಸಿ, ಮುಖ ಹೊರಗೆ, ಹಿಂದೆ ಮನೆಯ ಕತ್ತಲೆ. ಹಿಂದಿರೋ ಟಿವಿ ಸ್ಟ್ಯಾಂಡು, ಒಣಗಿಹಾಕಿದ ಬಟ್ಟೆ ತಾನಾಗೇ ಮರೆಯಾಗುತ್ತೆ.

ಇನ್ನು ದೂರದ ವಿಷಯ. ಫೋನಿನ ಮುಖ್ಯ ಕ್ಯಾಮೆರಾ ಅಗಲ ನೋಟದ್ದು. ಮುಖ ದೊಡ್ಡದಾಗಿ ಬರಲಿ ಅಂತ ಒಂದಡಿ ಹತ್ತಿರಕ್ಕೆ ಹೋಗ್ತೀವಿ, ಮೂಗು ಊದಿಕೊಳ್ಳುತ್ತೆ. ಲೆಕ್ಕ ಸುಲಭ. ಮೂಗಿನ ತುದಿಯಿಂದ ಕಿವಿಗೆ ಸುಮಾರು 12 ಸೆಂಟಿಮೀಟರ್. ಕ್ಯಾಮೆರಾ 30 ಸೆಂಟಿಮೀಟರ್ ದೂರದಲ್ಲಿದ್ರೆ ಕಿವಿಗೆ ಹೋಲಿಸಿದಾಗ ಮೂಗು ಶೇಕಡ 40ರಷ್ಟು ದೊಡ್ಡದಾಗಿ ಬೀಳುತ್ತೆ. ಒಂದೂವರೆ ಮೀಟರ್ ದೂರಕ್ಕೆ ಸರಿದ್ರೆ ಆ ವ್ಯತ್ಯಾಸ ಬರೀ ಶೇಕಡ 8. ಆದ್ದರಿಂದ ಐದು ಅಡಿ ಹಿಂದೆ ನಿಂತು 2x, ಅಂದ್ರೆ ಎರಡು ಪಟ್ಟು ಜೂಮ್, ಒತ್ತಿ. 48 ಅಥವಾ 50 ಮೆಗಾಪಿಕ್ಸೆಲ್ ಫೋನಿನಲ್ಲಿ ಇಷ್ಟಕ್ಕೆ ಚಿತ್ರ ಕೆಡಲ್ಲ. ದೂರದ್ದನ್ನ ಹತ್ತಿರ ತೋರಿಸೋ ಟೆಲಿ ಲೆನ್ಸ್ ಇಲ್ಲದ ಫೋನಿನಲ್ಲಿ 5x, 10x ಅಂತ ಮಾತ್ರ ಹೋಗಬೇಡಿ. ಹಾಗೇ, ಮದುವೆ ಮನೆಯಲ್ಲಿ ಎಲ್ಲರೂ ಹಿಡಿಸಲಿ ಅಂತ 0.5x ಒತ್ತಿದ್ರೆ ತುದಿಯಲ್ಲಿ ನಿಂತವರು ಅಡ್ಡಡ್ಡ ಅಗಲ ಆಗ್ತಾರೆ. ಹತ್ತು ಹೆಜ್ಜೆ ಹಿಂದೆ ಹೋಗಿ, ಜನರನ್ನ ಎರಡು ಸಾಲು ಮಾಡಿ, 1xನಲ್ಲೇ ತೆಗೀರಿ. ಹದಿನೈದು ಜನ ಇದ್ರೆ ಕನಿಷ್ಠ ಐದಾರು ಸಲ ಒತ್ತಿ, ಯಾರಾದ್ರೂ ಒಬ್ಬರು ಕಣ್ಣು ಮುಚ್ಚೇ ಮುಚ್ಚಿರ್ತಾರೆ.

ಈಗ ಹೇಳೋ ಮಾತನ್ನ ದಯವಿಟ್ಟು ಮನಸ್ಸಿಗೆ ಹಾಕಿಕೊಳ್ಳಿ. ಬ್ಯೂಟಿ ಮೋಡ್ ಪೂರ್ತಿ ಸೊನ್ನೆಗೆ ಇಳಿಸಿ. ಕೆಲವು ಫೋನುಗಳಲ್ಲಿ, ಅದರಲ್ಲೂ ಸೆಲ್ಫಿ ಕ್ಯಾಮೆರಾದಲ್ಲಿ, ಅದು ಕೊಂಡಾಗಿನಿಂದಲೇ ಆನ್ ಆಗಿರುತ್ತೆ. ಅದು ಚರ್ಮದ ಬಣ್ಣವನ್ನ ಬಿಳಿಚಿಸುತ್ತೆ, ಸುಕ್ಕು ಅಳಿಸುತ್ತೆ. ಎಂಬತ್ತು ವರ್ಷದ ಅಜ್ಜಿಯ ಮುಖದಲ್ಲಿ ಸುಕ್ಕು ತೆಗೆದ ಮೇಲೆ ಅಲ್ಲಿ ಅಜ್ಜಿ ಎಲ್ಲಿ ಉಳೀತಾರೆ? ನಮ್ಮವರ ಮುಖ ಕಪ್ಪಾಗಿ ಬರೋದಕ್ಕೆ ಕಾರಣ ಬಣ್ಣ ಅಲ್ಲ, ಹಿಂದಿನ ಬಿಳಿ ಗೋಡೆ. ಕ್ಯಾಮೆರಾ ಇಡೀ ಚೌಕಟ್ಟನ್ನ ನಡುಮಧ್ಯದ ಬೂದು ಬಣ್ಣಕ್ಕೆ ತರೋಕೆ ನೋಡುತ್ತೆ. ಗೋಡೆ ಬೆಳ್ಳಗಿದ್ರೆ ಎಲ್ಲವನ್ನೂ ಇಳಿಸುತ್ತೆ, ಜೊತೆಗೆ ಮುಖವೂ ಇಳಿಯುತ್ತೆ. ಪರಿಹಾರ ಬೆರಳ ತುದಿಯಲ್ಲೇ ಇದೆ. ಮುಖದ ಮೇಲೆ ಮುಟ್ಟಿ, ಪಕ್ಕದಲ್ಲಿ ಬರೋ ಸೂರ್ಯನ ಗುರುತನ್ನ ಸ್ವಲ್ಪ ಮೇಲಕ್ಕೆ ಜಾರಿಸಿ. ಕಪ್ಪು ಎಮ್ಮೆ, ಕಪ್ಪು ಕಲ್ಲಿನ ಮೂರ್ತಿ ತೆಗೆಯುವಾಗ ಇದೇ ಉಲ್ಟಾ ಆಗುತ್ತೆ, ಕಪ್ಪು ಹೋಗಿ ಬೂದಿ ಬಣ್ಣ ಬರುತ್ತೆ. ಆಗ ಕೆಳಕ್ಕೆ ಜಾರಿಸಬೇಕು.

ಮಕ್ಕಳು ಒಂದು ಕಡೆ ನಿಲ್ಲಲ್ಲ, ನಿಲ್ಲಿಸೋಕೂ ಹೋಗಬೇಡಿ. ಓಡಾಡೋ ಮಗು ಕದಡದೆ ಬರಬೇಕಾದ್ರೆ ಶಟರ್ ಸೆಕೆಂಡಿನ 250ನೇ ಒಂದು ಭಾಗ ಇರಬೇಕು, ಜೋರಾಗಿ ಓಡ್ತಿದ್ರೆ 500ನೇ ಒಂದು ಭಾಗ. ಟ್ಯೂಬ್‌ಲೈಟಿನಲ್ಲಿ ಅದು ಆಗದ ಮಾತು. ನೈಟ್ ಮೋಡ್ ಹಾಕಿದ್ರಂತೂ ಫೋನ್ ಹಲವು ಚಿತ್ರಗಳನ್ನ ಒಂದರ ಮೇಲೊಂದು ಕೂಡಿಸುತ್ತೆ, ಮಗುವಿಗೆ ನಾಲ್ಕು ಕೈ ಬರುತ್ತೆ. ಆಟದ ಸಾಮಾನನ್ನೇ ಜಗಲಿಗೋ ಬಾಲ್ಕನಿ ಬಾಗಿಲ ಹತ್ತಿರಕ್ಕೋ ಸಾಗಿಸಿ, ಮಗು ಹಿಂದೆಯೇ ಬರುತ್ತೆ. ನೀವು ನೆಲದ ಮೇಲೆ ಕೂತು, ಫೋನನ್ನ ಮಗುವಿನ ಕಣ್ಣಿನ ಮಟ್ಟಕ್ಕೆ ತನ್ನಿ.

ದೀಪಾವಳಿ ಚಿತ್ರ ಕೆಡೋದು ಹೊತ್ತು ಮೀರಿದ್ದಕ್ಕೆ. ಪೂರ್ತಿ ಕತ್ತಲಾದ ಮೇಲೆ ಹಣತೆ ಹಿಡಿದವರ ಫೋಟೊ ತೆಗೆದ್ರೆ, ಮುಖ ಕಂಡ್ರೆ ಜ್ವಾಲೆ ಬಿಳಿ ಮುದ್ದೆ ಆಗಿರುತ್ತೆ, ಜ್ವಾಲೆ ಕಂಡ್ರೆ ಮುಖ ಕಪ್ಪಾಗಿರುತ್ತೆ. ಫ್ಲ್ಯಾಶ್ ಹಾಕಿದ್ರೆ ದೀಪ ಉರೀತಿದೆ ಅನ್ನೋದೇ ಗೊತ್ತಾಗಲ್ಲ. ಸೂರ್ಯ ಮುಳುಗಿ ಹದಿನೈದು ಇಪ್ಪತ್ತು ನಿಮಿಷಕ್ಕೆ ಆಕಾಶದ ಬೆಳಕೂ ದೀಪದ ಬೆಳಕೂ ಸಮ ಆಗುತ್ತೆ. ಬೆಂಗಳೂರು ಕಡೆ ನವೆಂಬರ್ ಮೊದಲ ವಾರದಲ್ಲಿ ಅಂದ್ರೆ ಆರು ಹತ್ತರ ಆಸುಪಾಸು. ಒಂದೇ ಹಣತೆ ಬದಲು ತಟ್ಟೆಯಲ್ಲಿ ನಾಲ್ಕೈದು ಇಟ್ಟು, ಸೆರಗು ಕೂದಲಿಗೆ ತಾಗದಷ್ಟು ದೂರದಲ್ಲಿ ಎದೆಮಟ್ಟಕ್ಕೆ ಹಿಡಿಸಿ. ಮೈಸೂರು ಅರಮನೆಗೂ ಇದೇ ಸೂತ್ರ. ಭಾನುವಾರ ಏಳು ಗಂಟೆಗೆ ದೀಪ ಹತ್ತೋ ಹೊತ್ತಿಗೆ ಡಿಸೆಂಬರ್‌ನಲ್ಲಿ ಆಕಾಶ ಕಪ್ಪಾಗಿರುತ್ತೆ, ದಸರಾದಲ್ಲೂ ಹೆಚ್ಚುಕಮ್ಮಿ ಅಷ್ಟೇ. ಮೇ ಕೊನೆಯಿಂದ ಜುಲೈವರೆಗೆ ಅಲ್ಲಿ ಸೂರ್ಯ ಮುಳುಗೋದೇ ಆರೂ ಮುಕ್ಕಾಲರ ಸುಮಾರಿಗೆ. ಮೋಡ ಬಿಟ್ಟುಕೊಟ್ಟ ದಿನ ಗುಮ್ಮಟದ ಹಿಂದೆ ಕಡುನೀಲಿ ಸಿಗುತ್ತೆ.

ರಾತ್ರಿ ಟ್ಯೂಬ್‌ಲೈಟಿನಲ್ಲೇ ತೆಗೀಬೇಕಾದ ಸಂದರ್ಭ ಬಂದೇ ಬರುತ್ತೆ. ಆಗ ದೀಪದ ನೇರ ಕೆಳಗೆ ಬಿಟ್ಟು, ಎದುರು ಗೋಡೆ ಕಡೆ ಕೂರಿಸಿ, ಮುಖ ದೀಪದ ಕಡೆ ತಿರುಗಿರಲಿ. ವಿಡಿಯೊದಲ್ಲಿ ಕಪ್ಪು ಪಟ್ಟಿ ಓಡೋದು ಕಂಡ್ರೆ ಫೋನ್ ಕೆಟ್ಟಿಲ್ಲ. ನಮ್ಮ ಕರೆಂಟು 50 ಹರ್ಟ್ಜ್, ಅಂದ್ರೆ ಸೆಕೆಂಡಿಗೆ 50 ಆವರ್ತ, ಪ್ರತಿ ಆವರ್ತಕ್ಕೆ ಎರಡು ಮಿನುಗು. ಹಾಗಾಗಿ ಹಳೇ ಚೋಕಿನ ಟ್ಯೂಬು, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಎಲ್ಲವನ್ನೂ ನಾವೇ ಹೊಂದಿಸೋ ಪ್ರೊ ಮೋಡ್‌ನಲ್ಲಿ ಶಟರನ್ನ ಸೆಕೆಂಡಿನ 1/50 ಅಥವಾ 1/100ಕ್ಕೆ ನಿಲ್ಲಿಸಿದ್ರೆ ಪಟ್ಟಿ ಹೋಗುತ್ತೆ.

ಏನೇ ತೆಗೆಯೋ ಮೊದಲು ಲೆನ್ಸ್ ಒರೆಸಿ. ಕೈಯ ಎಣ್ಣೆ ಹತ್ತಿದ ಲೆನ್ಸಿನಲ್ಲಿ ಪ್ರತಿ ದೀಪದಿಂದಲೂ ಉದ್ದ ಗೆರೆ ಎಳೆದ ಹಾಗೆ ಬರುತ್ತೆ, ಇಡೀ ಚಿತ್ರ ಮಂಜು ಕವಿದ ಹಾಗಿರುತ್ತೆ. ಒಗೆದು ಮೆತ್ತಗಾದ ಹತ್ತಿ ಬಟ್ಟೆ ಸಾಕು.

ಕಳಿಸೋವಾಗ ವಾಟ್ಸಾಪ್‌ನಲ್ಲಿ ಗ್ಯಾಲರಿಯಿಂದ ಹಾಗೇ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ, ಆಗ ಚಿತ್ರ ಕುಗ್ಗಲ್ಲ. 4×6 ಅಂಗುಲದ ಪ್ರಿಂಟ್ ಚೆನ್ನಾಗಿ ಬರೋಕೆ 1200×1800 ಪಿಕ್ಸೆಲ್ ಬೇಕು. ಸ್ಟುಡಿಯೊಗೆ ಕೊಡುವಾಗ ಗ್ರೂಪಿನಲ್ಲಿ ಸುತ್ತಿ ಬಂದ ಪ್ರತಿ ಬೇಡ, ನಿಮ್ಮ ಫೋನಿನ ಮೂಲ ಚಿತ್ರವನ್ನೇ ಕೊಡಿ.