ಗ್ರೀಸ್‌ನಲ್ಲಿ 'ಮಧುಬಾಲಾ' ಅಂತ ಹಾಡಿದವರು ಯಾರು?

ನಮಸ್ಕಾರ ಎಲ್ಲರಿಗೂ. ಮೊದಲು ಒಂದು ಹಾಡು ನೆನಪು ಮಾಡಿಕೊಳ್ಳಿ. 'ಆವಾರಾ' ಸಿನಿಮಾದಲ್ಲಿ ಲತಾ ಮಂಗೇಶ್ಕರ್ ಹಾಡಿದ 'ಆಜಾವ್ ತಡಪ್ತೆ ಹೈಂ ಅರ್ಮಾನ್'. ಬಂತಾ? ಈಗ ಅದೇ ಧಾಟಿಯನ್ನು ಒಬ್ಬ ಗಂಡಸು ಗ್ರೀಕ್ ಭಾಷೆಯಲ್ಲಿ, ಎದೆ ಬಿರಿಯುವ ಹಾಗೆ ಹಾಡುತ್ತಾರೆ. ಹಾಡಿನ ಹೆಸರು 'ಮಧುಬಾಲಾ'! 1959ರ ಹಾಡು ಇದು. ಗಾಯಕ ಸ್ಟೆಲಿಯೋಸ್ ಕಜಂಜೀದಿಸ್.

(ತೆರೆ ಮೇಲೆ: ಗ್ರೀಕ್ ಅಕ್ಷರದಲ್ಲಿ ಹಾಡಿನ ಹೆಸರು)

ಈ ಹೆಸರನ್ನು ನೋಡಿ. ಗ್ರೀಕ್‌ನಲ್ಲಿ 'ಡ' ಬರೆಯೋಕೆ ಒಂದೇ ಅಕ್ಷರ ಇಲ್ಲ, ನ ಮತ್ತು ತ ಸೇರಿಸಬೇಕು. 'ಬ'ಗೆ ಮ ಮತ್ತು ಪ. ಅದಕ್ಕೇ ನಮ್ಮ ಮಧುಬಾಲಾ ಅಲ್ಲಿ 'ಮಂಡುಬಾಲಾ' ಆದಳು. ಇನ್ನೊಂದು ವಿಷಯ, 'ಆವಾರಾ'ದಲ್ಲಿ ಇದ್ದಿದ್ದು ನರ್ಗಿಸ್, ಮಧುಬಾಲಾ ಅಲ್ಲವೇ ಅಲ್ಲ. ಆಗ ಗ್ರೀಸ್‌ನಲ್ಲಿ ಹಿಂದಿ ಸಿನಿಮಾಗಳಿಗೆ ಜನ ಮುಗಿಬೀಳುತ್ತಿದ್ದರು. ಯುದ್ಧ, ಅದರ ಬೆನ್ನಿಗೇ ಅಂತರ್ಯುದ್ಧ, ಬಡತನ. ತೆರೆಯ ಮೇಲೆ ಅಳುವ ತಾಯಿಯನ್ನು ಅರ್ಥ ಮಾಡಿಕೊಳ್ಳೋಕೆ ಅವರಿಗೆ ಹಿಂದಿ ಬೇಕಿರಲಿಲ್ಲ.

ಕಜಂಜೀದಿಸ್ ಕೂಡ ಅದೇ ಕಷ್ಟದಲ್ಲಿ ಬೆಳೆದವರು. ಹುಟ್ಟಿದ್ದು 1931ರಲ್ಲಿ, ಅಥೆನ್ಸ್ ಪಕ್ಕದ ನೆಯಾ ಇಯೋನಿಯಾದಲ್ಲಿ. ಏಷ್ಯಾ ಮೈನರ್‌ನಿಂದ, ಅಂದರೆ ಇಂದಿನ ಟರ್ಕಿಯಿಂದ ಬಂದ ನಿರಾಶ್ರಿತರ ಬಡಾವಣೆ ಅದು. ಅಂತರ್ಯುದ್ಧದ ಸಮಯದಲ್ಲಿ ಅಪ್ಪನನ್ನು ಹೊಡೆದು ಕೊಂದರು. ಹುಡುಗ ಮೂಟೆ ಹೊತ್ತ, ಬಟ್ಟೆ ಗಿರಣಿಯಲ್ಲಿ ದುಡಿದ. ಗಿರಣಿಯ ಮಾಲೀಕರೊಬ್ಬರು ಕೊಟ್ಟ ಗಿಟಾರ್‌ನಿಂದ ಸಂಗೀತ ಶುರುವಾಯಿತು. 1952ರಲ್ಲಿ ಮೊದಲ ರೆಕಾರ್ಡ್ ಬಂತು, ಓಡಲಿಲ್ಲ. ಎರಡನೆಯದು ಗೆದ್ದಿತು.

ಆಮೇಲೆ ಗಾಯಕಿ ಮರಿನೆಲ್ಲಾ ಜೊತೆಗಿನ ಜೋಡಿ ಮನೆಮಾತಾಯಿತು. ಇಬ್ಬರೂ ಮದುವೆಯಾದರು, ಎರಡೇ ವರ್ಷಕ್ಕೆ ಬೇರೆಯಾದರು. ಕೂಲಿ ಹುಡುಕಿಕೊಂಡು ಜರ್ಮನಿಗೆ ಹೋದ ಸಾವಿರಾರು ಗ್ರೀಕರಿಗೆ ಇವರ ದನಿಯೇ ಊರಿನ ನೆನಪು. ಪರದೇಶದ ಬಾಳಿಗೆ ಗ್ರೀಕರು 'ಕ್ಸೆನಿತ್ಯಾ' ಅಂತಾರೆ. ಆ ಒಂದು ಪದದ ಸಂಕಟವನ್ನು ಇವರಷ್ಟು ಚೆನ್ನಾಗಿ ಹಾಡಿದವರು ನನಗಂತೂ ಸಿಕ್ಕಿಲ್ಲ.

ನನ್ನನ್ನು ತುಂಬಾ ಕಾಡುವುದು 1965. ಹೆಸರು, ದುಡ್ಡು ಎಲ್ಲಾ ಇದ್ದಾಗ, ಇನ್ನೂ 34 ವರ್ಷ, ರಾತ್ರಿ ಕ್ಲಬ್‌ಗಳ ಆ ವಾತಾವರಣ ಸಾಕು ಅಂತ ವೇದಿಕೆಯಿಂದ ಇಳಿದವರು ಮತ್ತೆ ಹತ್ತಲೇ ಇಲ್ಲ. ಉಳಿದದ್ದು ರೆಕಾರ್ಡ್ ಮಾತ್ರ. 1975ರಲ್ಲಿ 'ಇಪಾರ್ಖೋ' ಬಂತು, ಅಂದರೆ 'ನಾನಿದ್ದೇನೆ'. ಅದಾದ ಮೇಲೆ ಕಂಪನಿ ಜೊತೆ ಒಪ್ಪಂದದ ಜಗಳ. 12 ವರ್ಷ ಒಂದೇ ಒಂದು ಹೊಸ ಆಲ್ಬಂ ಇಲ್ಲ! ಜನ ಮರೆಯಲಿಲ್ಲ, ಹಳೆಯದನ್ನೇ ಕೇಳುತ್ತಾ ಕಾದರು. 1987ರಲ್ಲಿ ಬಂದ ಆಲ್ಬಂ ಹೆಸರು 'ಮರಳುವ ದಾರಿಯಲ್ಲಿ'.

2001ರ ಸೆಪ್ಟೆಂಬರ್ 14ರಂದು ತೀರಿಕೊಂಡರು. ಎಲೆಫ್ಸಿನಾದಲ್ಲಿ ಮಣ್ಣು ಮಾಡುವಾಗ ಸಾವಿರಾರು ಜನ ಸೇರಿದ್ದರು.

ಇವತ್ತು ರಾತ್ರಿ ಆ ಎರಡು ಹಾಡುಗಳನ್ನೂ ಒಂದರ ಹಿಂದೊಂದು ಕೇಳಿ. ಮೊದಲು ಲತಾ, ಆಮೇಲೆ ಸ್ಟೆಲಿಯೋಸ್.