ಹಿಡಿದರೆ ಸಾಲದು, ಬಿಡಲೂ ಬೇಕು

ಕೇಳುಗರಿಗೆ ನಮಸ್ಕಾರ. ಅನಿಲಗಳನ್ನು ಬೇರೆ ಮಾಡುವ ತೂತುಗಳ ಹರಳುಗಳ ಬಗ್ಗೆ ಮಾತಾಡಿ ಅಂದರು. ನನ್ನದು ಒಂದೇ ಮಾತು: ಹರಳು ಅನಿಲವನ್ನು ಹಿಡಿದರೆ ಸಾಲದು, ಬಿಡಲೂ ಬೇಕು.

ಕೋವಿಡ್ ಕಾಲದಲ್ಲಿ ಆಕ್ಸಿಜನ್ ಕಾನ್ಸನ್‌ಟ್ರೇಟರ್ ನೋಡಿದ್ದೀರಲ್ವಾ? ಅದರೊಳಗೆ ಜಿಯೋಲೈಟ್ ಅನ್ನುವ ಹರಳಿನ ಸಣ್ಣ ಗುಂಡುಗಳಿವೆ. ಮೈತುಂಬ ಕಣ್ಣಿಗೆ ಕಾಣದ ತೂತು. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಎರಡೂ ತೂತಿನೊಳಗೆ ಹೋಗುತ್ತವೆ. ಆದರೆ ಅಲ್ಲಿರುವ ಸೋಡಿಯಂ, ಲಿಥಿಯಂ ಅಯಾನುಗಳು, ಅಂದರೆ ವಿದ್ಯುದಾವೇಶವಿರುವ ಕಣಗಳು, ಸಾರಜನಕವನ್ನೇ ಜಾಸ್ತಿ ಎಳೆದುಕೊಳ್ಳುತ್ತವೆ. ಒತ್ತಡ ಕೊಟ್ಟರೆ ಸಾರಜನಕ ಅಲ್ಲೇ ನಿಲ್ಲುತ್ತದೆ, ಆಮ್ಲಜನಕ ಮುಂದೆ ಹೋಗುತ್ತದೆ. ಒತ್ತಡ ಇಳಿಸಿದರೆ ಟುಸ್ ಅಂತ ಸಾರಜನಕ ಹೊರಗೆ. ಕೆಲವೇ ಸೆಕೆಂಡುಗಳ ಆಟ. ಬಿಡದಿದ್ದರೆ ಮುಂದಿನ ಸುತ್ತಿಗೆ ಜಾಗವೇ ಇಲ್ಲ.

ತೀರ್ಥಹಳ್ಳಿ ಕಡೆ ನಮ್ಮ ನೆಂಟರ ಮನೆಯಲ್ಲಿ ಇಂಥದ್ದೊಂದು ಯಂತ್ರವಿತ್ತು. ಅಜ್ಜ ಹುಷಾರಾದ ಮೇಲೆ ಬಚ್ಚಲುಮನೆ ಪಕ್ಕ ತಳ್ಳಿಬಿಟ್ಟರು. ಮಳೆಗಾಲ ಕಳೆದು ಮತ್ತೆ ಹಾಕಿದರೆ ಗಾಳಿ ಬರುತ್ತದೆ, ಆಮ್ಲಜನಕ ಸಾಲದು ಅನ್ನುವ ಕೆಂಪು ದೀಪ ಆರುವುದಿಲ್ಲ. ಮನೆಯ ಹುಡುಗ ಚುರುಕು. ಯಂತ್ರ ಬಿಚ್ಚಿ, ಗುಂಡುಗಳನ್ನೆಲ್ಲ ಅಡಿಕೆ ಡ್ರೈಯರ್‌ನಲ್ಲಿ ಹರವಿದ್ದ! "ಈಗ ಗರಿಗರಿ ಒಣಗಿದೆ" ಅಂದ. ನಾನು ಸ್ವಲ್ಪ ಗುಂಡು ಅಂಗೈಗೆ ಹಾಕಿಕೊಂಡು ನೀರು ಹನಿಸಿದೆ. ತಣ್ಣಗೇ ಇತ್ತು. ಗೊತ್ತಿದ್ದೇ ಒಂದು ಪೊಟ್ಟಣ ಹೊಸ ಗುಂಡು ತಂದಿದ್ದೆ. ಸ್ಟೀಲ್ ಲೋಟಕ್ಕೆ ಸುರಿದು, ಎರಡು ಚಮಚ ನೀರು ಹಾಕಿ ಅವನ ಕೈಗೆ ಕೊಟ್ಟೆ. "ಅಯ್ಯೋ ಮಾರಾಯ್ರೆ, ಸುಡ್ತದೆ!" ಸುಡಲೇಬೇಕು. ಒಣ ಜಿಯೋಲೈಟ್ ನೀರು ಕುಡಿಯುವಾಗ ಬಿಸಿಯಾಗುತ್ತದೆ. ಅವನ ಗುಂಡುಗಳ ಹೊಟ್ಟೆ ಮಳೆಗಾಲದ ತೇವದಿಂದ ಮೊದಲೇ ತುಂಬಿತ್ತು. ಜಿಯೋಲೈಟಿಗೆ ನೀರು ಅಂಟಿದರೆ ಉಂಬಳ ಕಚ್ಚಿದ ಹಾಗೆ. ಅಡಿಕೆ ಒಣಗುವ ಶಾಖಕ್ಕೆಲ್ಲ ಜಗ್ಗುವುದಿಲ್ಲ, 300 ಡಿಗ್ರಿ ಹತ್ತಿರ ಹೋಗಬೇಕು. ಕಾರ್ಖಾನೆಯಲ್ಲಿ ಆ ಶಾಖಕ್ಕೆ ದುಡ್ಡು ಯಾರು ಕೊಡುತ್ತಾರೆ?

ನೋಡಿ, ಸಮಯ ಇಲ್ಲೇ ಹೋಯಿತು. ಲೋಹ ಮತ್ತು ಸಾವಯವ ಅಣುಗಳನ್ನು ಹೆಣೆದು ಮಾಡುವ ಎಂಒಎಫ್ ಚೌಕಟ್ಟುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. 2025ರ ರಸಾಯನಶಾಸ್ತ್ರ ನೊಬೆಲ್ ಕಿಟಗಾವಾ, ರಾಬ್ಸನ್, ಯಾಘಿ ಅವರಿಗೆ ಬಂದದ್ದು ಇದಕ್ಕೇ. ಒಂದು ಗ್ರಾಂ ಪುಡಿಯ ಒಳಮೈ ಸಾವಿರಾರು ಚದರ ಮೀಟರ್. ತೂತಿನ ಅಳತೆ, ಹಿಡಿತದ ಬಿಗಿ, ಎರಡನ್ನೂ ನಾವೇ ಹೊಂದಿಸಬಹುದು. ತೆಂಗಿನ ಚಿಪ್ಪಿನ ಇದ್ದಿಲೂ ಈ ಕೆಲಸಕ್ಕೆ ಬರುತ್ತದೆ. ಅಡಿಕೆ ಸಿಪ್ಪೆಯಿಂದ ಮಾಡ್ತೀವಿ ಸರ್ ಅಂತ ವಿದ್ಯಾರ್ಥಿಗಳು ಬರುತ್ತಾರೆ, ಎಷ್ಟು ಹಿಡಿಯಿತು ಅಂತ ಗ್ರಾಫ್ ತೋರಿಸುತ್ತಾರೆ. ಬಹಳ ಸಂತೋಷ. ಎಷ್ಟು ಬಿಟ್ಟಿತು ಅನ್ನುವ ಗ್ರಾಫನ್ನೂ ಜೊತೆಗೇ ತನ್ನಿ ಮಾರಾಯ್ರೆ. ನಮಸ್ಕಾರ.